ಬಲಗಡೆಯ ಲಿವರು ನಿಲ್ಲುತ್ತಿಲ್ಲ

ಮತ್ತೆ ಜಾರಿತು, ನೋಡನೋಡುತ್ತಲೇ ಜಾರಿತು, ಬೆರಳು ತೆಗೆದದ್ದೇ ತಡ ಬಲಗಡೆಯ ಲಿವರು ತಾನಾಗಿ ಮುಂದಕ್ಕೆ ವಾಲಿತು, ಹಿಂದಿನ ಗಾಲಿಯಲ್ಲಿ ಚೈನು ದೊಡ್ಡ ಹಲ್ಲಿನ ಚಕ್ರದಿಂದ ಚಿಕ್ಕದಕ್ಕೆ ಖಣ್ಣೆಂದು ಬಿತ್ತು — ಬೆಳಗಿನಿಂದ ಇದೇ ಸದ್ದು, ಗೋಡೆಯಾಚೆ ಅತ್ತೆ ಮಲಗಿದ್ದಾರೆ, ಈ ಸದ್ದಿಗೆ ಎದ್ದು ಬಂದರೆ ನನ್ನ ಕಥೆ ಮುಗಿಯಿತು. ಸೈಕಲ್ಲನ್ನು ಬಟ್ಟೆ ಒಣಹಾಕುವ ಕೊಕ್ಕೆಗೆ ಹಗ್ಗ ಕಟ್ಟಿ ತೂಗುಹಾಕಿದ್ದೇನೆ, ಲಿಫ್ಟ್ ರಿಪೇರಿಯವನಿಗೆ ಯಾವುದನ್ನಾದರೂ ನೇತುಹಾಕಿದರೇ ಸಮಾಧಾನ, ಒಂದು ಪಕ್ಕ ಬಟ್ಟೆ ಒಗೆಯುವ ಮೆಷಿನ್ನು, ಒಂದು ಪಕ್ಕ ಕಸದ ಬುಟ್ಟಿ, ನಡುವೆ ಹಳೇ ಪೇಪರ್ ಹಾಸಿಕೊಂಡು ನಾನು, ಮೇಲೆ ತೆಳ್ಳಗೆ ತೂಗಾಡುತ್ತಿರುವ ಅತ್ತೆಯ ಯೌವನ. ಎಂಥ ಸೈಕಲ್ಲು, ಬೆರಳಷ್ಟು ದಪ್ಪದ ಗಾಲಿ, ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ಲು, ಒಂದು ಕೈಯಲ್ಲಿ ಎತ್ತಬಹುದು, ಗೇರಿನ ಲಿವರುಗಳು ಈಗಿನವುಗಳ ಹಾಗೆ ಹ್ಯಾಂಡಲ್ಲಿನ ಮೇಲಲ್ಲ, ಕೆಳಗಿನ ಓರೆ ಕೊಳವೆಯ ಎರಡು ಮಗ್ಗುಲಿಗೆ, ಎಡಕ್ಕೊಂದು ಬಲಕ್ಕೊಂದು, ಹೆಬ್ಬೆರಳಿನುದ್ದದವು, ಗೇರು ಬದಲಿಸಬೇಕಾದರೆ ಹ್ಯಾಂಡಲ್ ಬಿಟ್ಟು ಕೈಯನ್ನು ಮೊಣಕಾಲಿನ ಹತ್ತಿರಕ್ಕೆ ಇಳಿಸಬೇಕು, ಪಕ್ಕದವರಿಗೆಲ್ಲ ಕಾಣುವ ಹಾಗೆ. ಅಳಿಯಂದ್ರೇ, ಎರಡು ಹನಿ ಎಣ್ಣೆ ಬಿಡಿ ಸಾಕು, ಬೇರೆ ಏನನ್ನೂ ಮುಟ್ಬೇಡಿ. ಅಷ್ಟೇ ಹೇಳಿದ್ದು ಅತ್ತೆ, ನೆನ್ನೆ ರಾತ್ರಿ ಊಟದ ಹೊತ್ತಿಗೆ, ಬೆರಳೆತ್ತಿ ಹೇಳಿದ್ದು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವನು ನಾನು.

ಬಿಡದೆ ಇರುವುದಾದರೂ ಹೇಗೆ, ಕೆಳಗೆ ಬಗ್ಗಿ ನೋಡಿದರೆ ಪೆಡಲುಗಳ ಅಡಿಯಲ್ಲಿ ಎರಡು ಕೇಬಲ್ಲುಗಳು ಒಂದರ ಮೇಲೊಂದು ಅಡ್ಡ ಹಾಯ್ದಿದ್ದವು, ಹಾಯ್ದ ಕೇಬಲ್ ಕಂಡರೆ ನನಗೆ ಊಟ ಸೇರುವುದಿಲ್ಲ, ಲಿಫ್ಟು ಓಡಾಡುವ ಗುಂಡಿಯಲ್ಲಿ ಹಾಗೇನಾದರೂ ಕಂಡರೆ ಕಟ್ಟಡವನ್ನೇ ಖಾಲಿ ಮಾಡಿಸುತ್ತೇನೆ. ಎಡಗಡೆಯ ಲಿವರಿನ ಕೇಬಲ್ಲು ಹಿಂದಿನ ಗೇರಿಗೆ ಹೋಗಿತ್ತು, ಬಲಗಡೆಯದು ಎಲ್ಲಿಗೂ ಹೋಗಿರಲಿಲ್ಲ — ಫ್ರೇಮಿಗೆ ಕಟ್ಟಿದ ಕಿರುಬೆರಳಿನಷ್ಟು ಸ್ಪ್ರಿಂಗಿಗೆ ಸಿಕ್ಕಿಸಿ ಬಿಟ್ಟಿದ್ದರು, ಮುಂದೆ ಹಲ್ಲಿನ ಚಕ್ರ ಇರುವುದೇ ಒಂದು, ಬದಲಿಸಲು ಏನೂ ಇಲ್ಲ, ಹಿಂದೆ ಐದಿವೆ, ಅವಕ್ಕೆ ಬಲಗಡೆಯ ಲಿವರು ಎಂದು ಲೋಕವೇ ಒಪ್ಪಿಕೊಂಡಿದೆ. ಯಾವ ಅಡ್ಡಕಸುಬಿ ಮಾಡಿದ್ದೋ ಇದನ್ನು, ಪಾಪ ಅತ್ತೆ ಇಷ್ಟು ವರ್ಷ ಹೇಗೆ ಓಡಿಸಿದರೋ ಎಂದುಕೊಂಡು ಎರಡನ್ನೂ ಕಿತ್ತೆ, ಹೊಸ ಕೇಬಲ್ಲನ್ನು ಬಲಗಡೆಯಿಂದ ನೆಟ್ಟಗೆ ಹಿಂದಕ್ಕೆ ಎಳೆದೆ, ಆ ಪುಟ್ಟ ಸ್ಪ್ರಿಂಗನ್ನು ಬುಟ್ಟಿಗೆ ಎಸೆದೆ, ಎಷ್ಟು ನೇರ, ಎಷ್ಟು ಅಂದ, ನನಗೆ ನಾನೇ ಶಭಾಸ್ ಅಂದುಕೊಂಡೆ. ಅಲ್ಲಿಂದ ಶುರುವಾಯಿತು ಈ ಜಾರಾಟ. ಎಡಗಡೆಯ ಲಿವರಿಗೆ ಈಗ ಕೆಲಸವಿಲ್ಲ, ಮಿರಮಿರ ಮಿಂಚುತ್ತ ಸುಮ್ಮನೆ ಕೂತಿದೆ.

ಸ್ಕ್ರೂ ಬಿಗಿ ಮಾಡಿದರೆ ಆಯಿತು ಎಂದುಕೊಂಡಿದ್ದೆ, ಹಳೇ ಕಾಲದ ಲಿವರುಗಳಿಗೆಲ್ಲ ಅದೇ ಮದ್ದು, ಬಿಗಿ ಮಾಡಿದೆ, ಇನ್ನೂ ಮಾಡಿದೆ, ಮುಷ್ಟಿ ಕೆಂಪಾಗುವವರೆಗೂ ತಿರುಗಿಸಿದೆ, ಲಿವರು ಮಾತ್ರ ನನ್ನನ್ನು ಅಣಕಿಸುವ ಹಾಗೆ ಜಾರಿತು. ಬಿಚ್ಚಿ ನೋಡಿದಾಗಲೇ ಗೊತ್ತಾದದ್ದು, ಈ ಸ್ಕ್ರೂಗೂ ಬಿಗಿಗೂ ಸಂಬಂಧವೇ ಇಲ್ಲ, ಅದು ಲಿವರು ಬಿದ್ದುಹೋಗದಂತೆ ಹಿಡಿದುಕೊಂಡಿದೆ ಅಷ್ಟೆ. ಒಳಗೆ ಹಲ್ಲಿಲ್ಲ, ಕೊಂಡಿಯಿಲ್ಲ, ಕಟಕಟ ಅನ್ನುವ ಯಾವುದೂ ಇಲ್ಲ — ನಯವಾದ ಒಂದು ಗೂಟ, ಅದರ ಮೇಲೆ ಒತ್ತಾಗಿ ಸುತ್ತಿದ ಒಂದು ಉಕ್ಕಿನ ಸುರುಳಿ, ಅಷ್ಟೇ ಸಂಸಾರ. ಲಿವರನ್ನು ಹಿಂದಕ್ಕೆಳೆದರೆ ಸುರುಳಿ ಕೂದಲೆಳೆಯಷ್ಟು ಬಿಚ್ಚಿಕೊಂಡು ದಾರಿ ಕೊಡುತ್ತದೆ, ಬೆಣ್ಣೆ, ಬೆಣ್ಣೆಯಂಥ ನಯ, ಕೈಬಿಟ್ಟರೆ ಅತ್ತಲಿಂದ ಗೇರು ಎಷ್ಟು ಜಗ್ಗುತ್ತದೋ ಅಷ್ಟೂ ಬಿಗಿಯಾಗಿ ಗೂಟವನ್ನು ತಬ್ಬಿಕೊಳ್ಳುತ್ತದೆ, ಎಳೆದಷ್ಟೂ ಬಿಗಿ. ಯಾರಪ್ಪ ನೀನು, ಯಾವ ಮೇಜಿನ ಮುಂದೆ ಕೂತು ಇದನ್ನು ಯೋಚಿಸಿದೆ, ನಿನ್ನ ಕಾಲಿಗೆ ಬೀಳಬೇಕು, ನಾವು ಇಷ್ಟು ದೊಡ್ಡ ಬ್ರೇಕು ಹಾಕಿ ನಿಲ್ಲಿಸುವುದನ್ನು ನೀನು ಒಂದು ಸುರುಳಿಯಲ್ಲಿ ನಿಲ್ಲಿಸಿದ್ದೀಯ. ಆದರೆ ಇದು ತಬ್ಬುತ್ತಿಲ್ಲವಲ್ಲ. ಎಣ್ಣೆ ಕುಡಿದಿರಬೇಕೆಂದು ಸೀಮೆಎಣ್ಣೆಯಲ್ಲಿ ತೊಳೆದೆ, ಒರೆಸಿದೆ, ಜಾರಿತು. ಎಡಗಡೆಯದನ್ನು ಬಿಚ್ಚಿ ಅದರ ಸುರುಳಿಯನ್ನು ಇಲ್ಲಿ ಹಾಕಿದೆ, ಅದು ಉಲ್ಟಾ ಸುತ್ತಿನದು, ಎಳೆಯುವಾಗ ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ, ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕಿಕೊಂಡ ಹಾಗೆ. ಮತ್ತೆ ತೆಗೆದು ಅದರದರ ಮನೆಗೆ ಸೇರಿಸಿದೆ. ಹಾಗಾದರೆ ಕೇಬಲ್ಲನ್ನು ಎಡಕ್ಕೇ ವಾಪಸ್ ಹಾಕು ಎಂದು ಮನಸ್ಸಿನ ಯಾವುದೋ ಮೂಲೆ ಹೇಳುತ್ತಿದೆ, ಸುಮ್ಮನಿರು ಅಂದೆ ಅದಕ್ಕೆ, ತಪ್ಪೆಂದು ಗೊತ್ತಿದ್ದೂ ಅದನ್ನೇ ಮತ್ತೆ ಕಟ್ಟುವುದಕ್ಕೆ ನಾನೇನು ಅಡ್ಡಕಸುಬಿಯೆ.

ರೀ, ಇನ್ನೂ ಆಗ್ಲಿಲ್ವಾ — ಇವಳು, ಆಲೂಗಡ್ಡೆ ಸಿಪ್ಪೆ ತಂದು ಬುಟ್ಟಿಗೆ ಸುರಿಯುತ್ತ, ಸೈಕಲ್ಲನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆಯುತ್ತ. ಆಗುತ್ತೆ, ಆಗ್ತಾ ಇದೆ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಅಮ್ಮನ್ನ ಕಾರಲ್ಲಿ ದಿಬ್ಬದ ಮೇಲಕ್ಕೆ ಬಿಡ್ತೀನಿ, ಎಲ್ಲರ ಜೊತೆ ಕೂತು ಮಾತಾಡಿ ಬರ್ಲಿ, ಏರಿನ ಮಧ್ಯ ಗೇರ್ ಜಾರಿ ಆ ಸೊಂಟದ ಮೇಲೇ ಬಿದ್ರೆ ನಾಳೆ ಡಾಕ್ಟರಿಗೆ ಏನಂತ ಹೇಳೋದು. ಸರಿಯಾಗಿಯೇ ಹೇಳುತ್ತಾಳೆ, ಅದೇ ಸಿಟ್ಟು ನನಗೆ. ನಾಳೆ ಬೆಳಿಗ್ಗೆ ಸೊಂಟದ ಕೀಲಿನ ಆಪರೇಷನ್ನು, ಆದ್ಮೇಲೆ ಸೈಕಲ್ ಮರೆತುಬಿಡಿ ಅಮ್ಮಾ ಅಂದಿದ್ದರು ಡಾಕ್ಟರು, ಆದ್ಮೇಲೆ ತಾನೇ, ಅದಕ್ಕೆ ಮುಂಚೆ ಒಂದ್ಸಲ ಹೋಗ್ಬರ್ತೀನಿ ಅಂದಿದ್ದರು ಅತ್ತೆ, ಅಲ್ಲೇ, ಅವರ ಮುಖಕ್ಕೇ. ನೀರಿನ ಟ್ಯಾಂಕಿನ ದಿಬ್ಬ, ಭಾನುವಾರದ ಹಳೇ ಗುಂಪು, ಉಳಿದಿರುವವರು ಅತ್ತೆಯೂ ಸೇರಿ ನಾಲ್ಕು ಜನ, ಮಿಕ್ಕ ಮೂವರೂ ಇವತ್ತು ಸಂಜೆ ಅವರಿಗಾಗಿಯೇ ಬರುತ್ತಿದ್ದಾರೆ, ಕಡೆಯ ಸಲ. ಕಾರಿನಿಂದ ಕೋಲೂರಿಕೊಂಡು ಇಳಿಯುವ ಅತ್ತೆಯನ್ನು ನಾನು ನೋಡಲಾರೆ, ನಡೆಯುವಾಗ ಕುಂಟುತ್ತಾರೆ, ಮೆಟ್ಟಿಲೆಂದರೆ ಮುಖ ಹಿಂಡುತ್ತಾರೆ, ಸೈಕಲ್ಲಿನ ಮೇಲೆ ಕೂತರೆ ಮಾತ್ರ ಕುಂಟು ಯಾವ ಕಾಲಿನದೆಂದು ಹೇಳಲಾಗುವುದಿಲ್ಲ. ನನ್ನ ಕೈಯಿಂದ ಅದು ತಪ್ಪಬಾರದು. ಆಗುತ್ತೆ ಹೋಗೇ ಮಾರಾಯ್ತಿ ಎಂದೆ, ಇವಳು ಹೋದಳು, ಹೋಗುವಾಗ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು.

ಬೆಳಕಿಗೆ ಹಿಡಿದು ನೋಡೋಣ ಈ ಸುರುಳಿಯನ್ನು, ಸವೆದಿರಬೇಕು, ವಯಸ್ಸಾಯಿತು ಅದಕ್ಕೂ — ಅಲ್ಲ, ಸವೆದದ್ದಲ್ಲ ಇದು. ಸವೆದ ಉಕ್ಕು ಕನ್ನಡಿಯಾಗುತ್ತದೆ, ತಿರುಗಿದ ದಿಕ್ಕಿಗೇ ಗೀರು ಬೀಳುತ್ತದೆ, ಇಲ್ಲಿ ಒಳಮೈಯಲ್ಲಿ ಗೀರುಗಳು ಅಡ್ಡಡ್ಡ, ಒಂದರ ಪಕ್ಕ ಒಂದು, ತಲೆ ಬಾಚಿದ ಹಾಗೆ ಸಮನಾಗಿ, ಯಾರೋ ಸಣ್ಣ ಅರದಿಂದ ಉಜ್ಜಿದ್ದಾರೆ, ಬೇಕೆಂದೇ ಉಜ್ಜಿದ್ದಾರೆ, ಹಿಡಿಯುವುದನ್ನು ಹಿಡಿಯದ ಹಾಗೆ ಮಾಡಿದ್ದಾರೆ. ಇಷ್ಟು ನವಿರಾದ ಅರದ ಕೈ ಎಲ್ಲಿ ನೋಡಿದ್ದೇನೆ, ಎಲ್ಲೋ ನೋಡಿದ್ದೇನೆ, ಇನ್ನೂ ಹತ್ತಿರದಿಂದ ನೋಡೋಣವೆಂದು ಮೂಗಿನಿಂದ ಕನ್ನಡಕ ತೆಗೆದೆ, ತೆಗೆದವನು ಅದನ್ನೇ ಬೆಳಕಿಗೆ ಹಿಡಿದೆ. ಕನ್ನಡಕದ ಬಲಗಡೆಯ ಕಡ್ಡಿ, ಹೋದ ವರ್ಷ ಕಿವಿಗೆ ಒತ್ತುತ್ತಿದೆ ಎಂದಾಗ ಅತ್ತೆ ತಮ್ಮ ಹಳೇ ಡಬ್ಬಿಯಿಂದ ಅರ ತೆಗೆದು ಉಜ್ಜಿ ಕೊಟ್ಟದ್ದು, ಅದೇ ಗೀರು, ಅದೇ ಬಾಚಣಿಗೆ. ಜೀವಮಾನವೆಲ್ಲ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಫ್ರೇಮು ಸರಿಮಾಡಿದ ಕೈ ಅದು, ಅವರ ಒಂದು ಉಜ್ಜು ಇನ್ನೊಂದರ ದಾರಿಗೆ ಅಡ್ಡ ಬರುವುದಿಲ್ಲ. ಅಡ್ಡಕಸುಬಿ ಅಂದೆನಲ್ಲ, ನಾಲಿಗೆ ಕಚ್ಚಿಕೊಂಡೆ. ಆದರೆ ಯಾಕೆ, ತನ್ನ ಕೈಯಾರ ತನ್ನ ಲಿವರನ್ನೇ ಯಾಕೆ ಕೆಡಿಸಬೇಕು ಒಬ್ಬರು, ಅದೂ ಇಷ್ಟು ಚೆನ್ನಾಗಿ.

ಕೊಕ್ಕರೆ ಮಾಮನಿಗೆ ಫೋನು ಮಾಡಿದೆ, ಉದ್ದ ಕಾಲಿನ ಮಾಮ, ಔಷಧಿ ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಈಗ ಬರೀ ಸೈಕಲ್ಲೇ ಹೊಡೆಯುವವರು, ಅತ್ತೆಯ ಜೊತೆ ಆ ದಿಬ್ಬ ಹತ್ತಿ ಹತ್ತಿ ಒಂದು ಸಲವೂ ಗೆಲ್ಲದವರು. ಮಾಮ, ಆಗೆಲ್ಲ ಅತ್ತೆಯ ಗೇರ್ ಜಾರ್ತಿತ್ತಾ. ಅತ್ತಲಿಂದ ನಗು, ಜಾರೋದಾ, ನಿಮ್ಮತ್ತೆ ಗೇರ್ ಹಾಕಿದ್ರೆ ತಾನೇ ಅಪ್ಪಾ ಜಾರೋದು, ಆಯಮ್ಮ ಇಡೀ ದಿಬ್ಬ ಒಂದೇ ಗೇರಲ್ಲಿ ಹತ್ತೋಳು, ಮೊಣಕಾಲು ಕಬ್ಬಿಣದ್ದು, ನಾನು ಬಲಪಕ್ಕದಲ್ಲೇ ಇರ್ತಿದ್ದೆ, ಕಣ್ಣು ಮಿಟುಕಿಸದೆ ಆ ಬಲಗೈನೇ ನೋಡ್ತಿದ್ದೆ, ಕೈ ಇಳೀತು ಅಂದ್ರೆ ಈಗ ಓಡ್ತಾಳೆ ಅಂತ ಲೆಕ್ಕ, ಒಂದೊಂದ್ಸಲ ಇಳಿಸೋಳು, ನಾನು ಗಡಿಬಿಡೀಲಿ ನನ್ನ ಗೇರ್ ಬದಲಾಯಿಸಿ ಏಳೋದು, ಆಯಮ್ಮ ಏನೂ ಮಾಡಲ್ಲ, ಕೈ ಮೇಲೆ ತಗೊಂಡು ಕನ್ನಡಕ ಸರಿ ಮಾಡ್ಕೊಳ್ಳೋಳು, ನನ್ನ ಉಸಿರು ದಂಡ, ಆಮೇಲೆ ಬಲಗೈ ಹ್ಯಾಂಡಲ್ ಮೇಲೇ ಇರುತ್ತೆ, ಅಲುಗಾಡಲ್ಲ, ನೋಡ್ತಾ ನೋಡ್ತಾ ಇರೋ ಹಾಗೇ ಪಕ್ಕದಲ್ಲಿ ಇಲ್ಲ, ಹೋಗೇಬಿಟ್ಟಿದಾಳೆ, ನಲವತ್ತು ವರ್ಷ ಆಯ್ತು, ಇನ್ನೂ ಅರ್ಥ ಆಗಿಲ್ಲ ನಂಗೆ, ಇವತ್ತಾದ್ರೂ ಬಿಡಲ್ಲ ನೋಡು. ಫೋನು ಇಟ್ಟೆ, ಇಟ್ಟು ಎದುರಿಗಿದ್ದ ಸೈಕಲ್ಲು ನೋಡಿದೆ. ಬಲಗಡೆಯ ಲಿವರು ಮಂಕಾಗಿದೆ, ಅಂಗಡಿಯಿಂದ ತಂದಾಗಿನ ಒರಟು ಇನ್ನೂ ಅದರ ಮೇಲಿದೆ. ಎಡಗಡೆಯದು ಮಿರಮಿರ ಮಿಂಚುತ್ತಿದೆ, ತುದಿಯಲ್ಲಿ ಒಂದು ಬೆರಳಿನಗಲ ಕನ್ನಡಿಯಾಗಿದೆ, ಬೆಳಗಿನಿಂದ ಕಣ್ಣೆದುರೇ ಇತ್ತು.

ಅಯ್ಯೋ ಅತ್ತೆ. ಅಯ್ಯೋ ನನ್ನ ಅತ್ತೆ. ನಗು ಬರುತ್ತಿದೆ, ಬಾಯಿಗೆ ಒರೆಸುವ ಬಟ್ಟೆ ಅಡ್ಡ ಹಿಡಿದುಕೊಂಡಿದ್ದೇನೆ, ಸೀಮೆಎಣ್ಣೆ ವಾಸನೆ, ಇರಲಿ. ಬಲಗಡೆಯದು ಸುಳ್ಳು ಲಿವರು, ಇಡೀ ದಿಬ್ಬಕ್ಕೆ ತೋರಿಸುವುದಕ್ಕೆಂದೇ ಇಟ್ಟ ಸುಳ್ಳು, ಎಳೆದರೆ ಕೇಬಲ್ಲು ಅಲುಗುತ್ತದೆ, ಬಿಟ್ಟರೆ ಆ ಪುಟ್ಟ ಸ್ಪ್ರಿಂಗು ಅದನ್ನು ತಾನಾಗಿ ವಾಪಸ್ ತರುತ್ತದೆ, ಹಿಡಿಯಬಾರದೆಂದೇ ಒಳಗಿನ ಸುರುಳಿಗೆ ಅರ, ನಿಜವಾದ ಕೆಲಸ ಎಡಕ್ಕೆ, ಮಾಮ ಇಲ್ಲದ ಮಗ್ಗುಲಿಗೆ, ಕಟಕಟ ಅನ್ನದ ಲಿವರು, ಬೆಣ್ಣೆಯ ಲಿವರು, ಸದ್ದೂ ಇಲ್ಲ ಕೈಯೂ ಕಾಣುವುದಿಲ್ಲ. ಜನ ಎಲ್ಲಿ ನೋಡುತ್ತಾರೆ ಎನ್ನುವುದು ಕನ್ನಡಕದವರಿಗಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ. ಎಡಗೈ — ಇರು, ಇರು, ಚಹಾ. ಇವಳು ನನಗೆ ಸಕ್ಕರೆ ನಿಲ್ಲಿಸಿ ಮೂರು ವರ್ಷವಾಯಿತು, ಆದರೂ ಸಂಜೆಯ ಚಹಾ ಸಿಹಿಯಾಗಿಯೇ ಇರುತ್ತದೆ, ಹೆಂಡತಿಗೆ ಕರುಣೆ ಬಂದಿದೆ ಎಂದುಕೊಂಡು ತೆಪ್ಪಗೆ ಕುಡಿಯುತ್ತಿದ್ದೇನೆ ನಾನು ಪೆದ್ದ, ಅಳಿಯಂದ್ರೇ ಆ ಎದುರುಮನೆ ತಾರಸಿ ಮೇಲೆ ನೋಡಿ ಏನೋ ಹಾರ್ತಿದೆ ಎಂದು ಬಲಗೈ ಚಾಚಿ ತೋರಿಸುತ್ತಾರಲ್ಲ ದಿನಾ, ಇವಳೂ ನೋಡುತ್ತಾಳೆ, ನಾನೂ ನೋಡುತ್ತೇನೆ, ಅಲ್ಲಿ ಎಂದೂ ಏನೂ ಹಾರಿದ್ದಿಲ್ಲ, ಸಕ್ಕರೆ ಡಬ್ಬಿ ಇರುವುದು ಅತ್ತೆಯ ಎಡಗಡೆಗೆ. ಇನ್ನೂ ಹಿಂದೆ, ಆ ಮೊದಲ ದಿನ, ಮಾವನವರ ಮನೆಯ ಊಟದ ಮೇಜು, ಲಿಫ್ಟಿನ ಗುಂಡಿಗೆ ಇಳಿಯೋನಿಗೆ ಮಗಳನ್ನ ಕೊಡಬೇಕಾ ಎಂದು ಮಾವ ಗುಡುಗುತ್ತಿದ್ದಾರೆ, ಅತ್ತೆ ಅವರಿಗಿಂತ ಒಂದು ಕೈ ಮೇಲೆ, ಬಲಗೈ ಬೆರಳು ನನ್ನ ಮೂಗಿನ ನೇರಕ್ಕೆ, ಏನಂದ್ಕೊಂಡಿದೀರಿ ನೀವು, ನಮ್ಮ ಹುಡುಗಿ ಏನು ಬೀದೀಲಿ ಬಿದ್ದಿದಾಳಾ, ನನಗೆ ನೆಲ ಬಾಯಿಬಿಡಬಾರದೆ ಅನಿಸಿತ್ತು, ಆಗ ಮೇಜಿನ ಕೆಳಗೆ ನನ್ನ ಮೊಣಕಾಲಿನ ಮೇಲೆ ಒಂದು ಕೈ, ಮೆಲ್ಲಗೆ ಎರಡು ಸಲ ತಟ್ಟಿತು, ಹೆದರಬೇಡ ಎನ್ನುವ ಹಾಗೆ. ಮೇಲೆ ಬೈಗುಳ ನಡೆದೇ ಇತ್ತು. ಅದನ್ನು ಇವತ್ತಿಗೂ ಯಾರಿಗೂ ಹೇಳಿಲ್ಲ ನಾನು, ಇವಳಿಗೂ ಇಲ್ಲ. ಅದು ಅತ್ತೆಯ ಎಡಗೈ.

ಬುಟ್ಟಿ, ಬುಟ್ಟಿ ಎಲ್ಲಿ, ಆ ಸ್ಪ್ರಿಂಗು — ಆಲೂಗಡ್ಡೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಒದ್ದೆ ಚಹಾಪುಡಿ, ಮೊಣಕೈವರೆಗೂ ಇಳಿಸಿದ್ದೇನೆ, ಇವಳು ಬಾಗಿಲು ತೆರೆದು ನೋಡಿದಳು, ಏನ್ರೀ ಹುಡುಕ್ತಿದೀರಿ ಅದರಲ್ಲಿ, ಬುದ್ಧಿ ಅಂದೆ, ಸಿಕ್ಕಿದ್ರೆ ತೊಳ್ಕೊಂಡು ಇಟ್ಕೊಳ್ಳಿ ಅಂದು ಹೋದಳು. ಸಿಕ್ಕಿತು. ಇನ್ನೊಂದು ಹೊಸ ಕೇಬಲ್ಲು ಬಿಚ್ಚಿದೆ, ಎಡಗಡೆಯ ಲಿವರಿನಿಂದ ಪೆಡಲಿನ ಅಡಿಗೆ, ಅಲ್ಲಿಂದ ಅಡ್ಡ ಹಾಯ್ದು ಹಿಂದಿನ ಗೇರಿಗೆ, ಬಲಗಡೆಯದನ್ನು ಅದರ ಮೇಲಿಂದ ತಂದು ಪುಟ್ಟ ಸ್ಪ್ರಿಂಗಿಗೆ, ನನ್ನ ಕೈಯಿಂದಲೇ ಕೇಬಲ್ ಹಾಯಿಸುತ್ತಿದ್ದೇನೆ, ಗುರುಗಳು ನೋಡಿದ್ದರೆ ಕಪಾಳಕ್ಕೆ ಬಿಡುತ್ತಿದ್ದರು, ಆದರೆ ಎಷ್ಟು ಯೋಚಿಸಿ ಹಾಯಿಸಿದ್ದಾರೆ ಅತ್ತೆ, ಒಂದಕ್ಕೊಂದು ತಗಲುವುದೇ ಇಲ್ಲ, ನಡುವೆ ಉಗುರು ತೂರುವಷ್ಟು ಗಾಳಿ ಬಿಟ್ಟಿದ್ದಾರೆ. ಪೆಡಲು ತಿರುಗಿಸಿ ಎಡಗಡೆಯದನ್ನು ಎಳೆದೆ. ಚೈನು ಒಂದೊಂದೇ ಚಕ್ರ ಹತ್ತಿತು, ದೊಡ್ಡದಕ್ಕೆ ಬಂದು ಕೂತಿತು, ಬೆರಳು ತೆಗೆದೆ, ಗಾಲಿಗೆ ಬ್ರೇಕು ಹಾಕಿ ಪೆಡಲಿನ ಮೇಲೆ ನನ್ನ ಭಾರವನ್ನೆಲ್ಲ ಹೇರಿದೆ, ಕೊಕ್ಕೆ ಕಿರುಗುಟ್ಟಿತು, ಲಿವರು ಅಲುಗಾಡಲಿಲ್ಲ. ಮತ್ತೊಮ್ಮೆ ಹೇರಿದೆ. ಎಳೆದಷ್ಟೂ ಬಿಗಿ. ಸದ್ದು ನಿಂತದ್ದಕ್ಕೋ ಏನೋ, ಒಳಗೆ ಅತ್ತೆ ಎದ್ದರು, ಕೋಲಿನ ಸಪ್ಪಳ, ಬಾಗಿಲಲ್ಲಿ ನಿಂತರು, ಬಿಳೀ ಕೂದಲು ಒಂದು ಪಕ್ಕ ಒತ್ತಿಹೋಗಿದೆ. ಏನು ಅಳಿಯಂದ್ರೇ, ನಿಮ್ಮ ಲಿಫ್ಟು ಎಷ್ಟನೇ ಮಹಡೀಲಿದೆ. ಬಂದು ಬಲಗಡೆಯ ಲಿವರನ್ನು ಎಳೆದು ಬಿಟ್ಟರು, ಅದು ತಾನಾಗಿ ವಾಪಸ್ಸಾಯಿತು, ಬಗ್ಗಲಾರದೆ ಬಗ್ಗಿ ಕೆಳಗೆ ಹೊಸ ಕೇಬಲ್ಲಿನ ಹೊಳಪು ನೋಡಿದರು, ಆಮೇಲೆ ನನ್ನ ಮೊಣಕೈಗೆ ಅಂಟಿದ್ದ ಚಹಾಪುಡಿ ನೋಡಿದರು, ಕನ್ನಡಕದ ಮೇಲಿಂದ ನನ್ನ ಕಣ್ಣು ನೋಡಿದರು. ಎಣ್ಣೆ ಚೆನ್ನಾಗಿ ಹಾಕಿದೀರಿ. ಅಷ್ಟೇ. ನಾನೂ ಹೂಂ ಅಂದೆ, ಎರಡೇ ಹನಿ ಅತ್ತೆ ಅಂದೆ.

ಇಳಿಬಿಸಿಲು, ಡಾಂಬರಿನ ಬಿಸಿ, ದಿಬ್ಬದ ಕೆಳಗೆ ಕೈಕುಲುಕಿ ನಕ್ಕು ಎಲ್ಲರೂ ಹೊರಟಿದ್ದಾರೆ, ಇಬ್ಬರು ಆಗಲೇ ಹಿಂದೆ ಬಿದ್ದರು, ಇವಳು ಎಲ್ಲರಿಗಿಂತ ಹಿಂದೆ ಕಾರಿನಲ್ಲಿ, ನಾನು ಇವಳ ತರಕಾರಿ ಬುಟ್ಟಿಯ ಸೈಕಲ್ಲಿನಲ್ಲಿ ಆ ಎಡಗಡೆಯ ಲಿವರಿಗೆ ಮನಸ್ಸಿನಲ್ಲೇ ಹೇಳುತ್ತ ತುಳಿಯುತ್ತಿದ್ದೇನೆ, ಜಾರಬೇಡ ಮಾರಾಯ, ತಬ್ಬಿಕೋ, ಬಿಡಬೇಡ. ಮುಂದೆ ಅತ್ತೆ, ಎಲ್ಲಿದೆ ಕುಂಟು, ಎಲ್ಲಿದೆ ವಯಸ್ಸು, ಬೆನ್ನು ಹಲಗೆಯ ಹಾಗೆ ಹ್ಯಾಂಡಲ್ಲಿಗೆ ಬಾಗಿದೆ, ಕಾಲುಗಳು ತಿರುಗುತ್ತಿವೆ, ಬಲಕ್ಕೆ ಕೊಕ್ಕರೆ ಮಾಮ, ಹೊಸ ಸೈಕಲ್ಲು, ಕುತ್ತಿಗೆ ಚಾಚಿ ಅದೇ ಬಲಗೈಯನ್ನು ನೋಡುತ್ತಿದ್ದಾರೆ, ನಲವತ್ತು ವರ್ಷದಿಂದ ನೋಡಿದ ಹಾಗೆಯೇ. ಏನೋ ಕೊಕ್ಕರೆ, ಉಸಿರು ಬರ್ತಿದೆಯಾ. ನಿಂದು ನೋಡ್ಕೋ ತಾಯಿ. ಬಲಗೈ ಇಳಿಯಿತು — ಮಾಮನ ಸೈಕಲ್ಲು ಟಕ್ ಟಕ್ ಅಂದಿತು, ಮಾಮ ಸೀಟಿನಿಂದ ಎದ್ದರು, ಉದ್ದ ಕಾಲು ಎರಡೂ ಗಡಿಬಿಡಿಯಲ್ಲಿ ತುಳಿದವು, ಅತ್ತೆ ಕೈ ಮೇಲೆ ತಂದು ಕನ್ನಡಕ ಸರಿಮಾಡಿಕೊಂಡರು. ನಗು ತಡೆಯಲಾರದೆ ನನ್ನ ಹ್ಯಾಂಡಲ್ಲು ಅಲ್ಲಾಡಿತು. ಮಾಮ ಏದುಸಿರು ಬಿಡುತ್ತ ಕೂತರು, ಏರು ಕಡಿದಾಯಿತು, ಬಲಗೈ ಹ್ಯಾಂಡಲ್ಲಿನ ಮೇಲಿದೆ, ಅಲುಗುವುದಿಲ್ಲ, ಮಾಮ ಅದನ್ನೇ ನೋಡುತ್ತಿದ್ದಾರೆ, ಹಿಂದಿನಿಂದ ನನಗೆ ಮಾತ್ರ ಕಾಣುತ್ತಿದೆ, ಎಡಗೈ ಇಳಿಯಿತು, ಆತುರವಿಲ್ಲದೆ, ಮಿಂಚುವ ಆ ತುದಿಗೆ ಬೆರಳು ತಾಗಿತು, ಸದ್ದಿಲ್ಲ, ಚೈನು ಹತ್ತಿತು, ಹಿಡಿಯಿತು, ನಿಂತಿತು — ಹೋದರು ಅತ್ತೆ, ಒಂದು ಗಾಲಿ, ಎರಡು ಗಾಲಿ, ಇಡೀ ಸೈಕಲ್ಲಿನಷ್ಟು ಮುಂದೆ, ಏಯ್ ಏಯ್ ಎಂದು ಮಾಮ ಕೂಗುತ್ತಿದ್ದಾರೆ, ಅದೇ ಗೇರಲ್ಲಿ ಕಣಪ್ಪಾ, ಅದೇ ಗೇರಲ್ಲಿ, ನೋಡ್ದ್ಯಾ ನಿಮ್ಮತ್ತೇನ, ನೋಡಿದೆ ಮಾಮ, ನೋಡಿದೆ, ಕಣ್ಣೆಲ್ಲ ಮಂಜಾಗಿದೆ ಯಾಕೋ, ನಾಳೆ ಇಷ್ಟು ಹೊತ್ತಿಗೆ ಆ ಕಾಲು ಬಿಳೀ ಹಾಸಿಗೆಯ ಮೇಲೆ, ಈ ಸೈಕಲ್ಲು ಕೊಕ್ಕೆಯ ಮೇಲೆ, ಏನಾದರೂ ಆದರೆ, ಆಗಬಾರದ್ದೇನಾದರೂ, ಬೇಡ, ತುಳಿ, ಸುಮ್ಮನೆ ತುಳಿ. ಟ್ಯಾಂಕಿನ ತಿರುವು ಬಂತು, ಅತ್ತೆ ಹಿಂದಿರುಗಿ ನೋಡಲಿಲ್ಲ, ಬಲಗೈ ಹ್ಯಾಂಡಲ್ಲಿನ ಮೇಲೆ, ಎಡಗೈ ಮತ್ತೆ ಇಳಿಯಿತು, ಲಿವರಿನ ಕಡೆಗಲ್ಲ, ಅದನ್ನು ದಾಟಿ ಹಿಂದಕ್ಕೆ, ಆ ಸೊಂಟದ ಪಕ್ಕಕ್ಕೆ ಬಂದು, ಅಂಗೈ ಕೆಳಗೆ ಮಾಡಿ, ಗಾಳಿಯನ್ನು, ಮೆಲ್ಲಗೆ, ಎರಡು ಸಲ ತಟ್ಟಿತು — ಆ ಎಡಗೈ, ಮೆಲ್ಲಗೆ, ಎರಡು ಸಲ